ಪಟ್ಟಿಯ ಐದನೇ ಸಾಲು

ಜೂನ್ 3, ಶನಿವಾರ

ಹನ್ನೊಂದು ವರ್ಷ ದುಡಿದ ಮೇಲೆ ಇವತ್ತು ನನಗೊಂದು ಹುದ್ದೆ ಸಿಕ್ಕಿತು. ಕಮ್ಯುನಿಟಿ ಹೆಲ್ಪರ್.

ಅಕ್ಷರ ಸೊಟ್ಟಗೆ ಬೀಳುತ್ತಿದೆ. ಬೀಳಲಿ, ಇದನ್ನು ಓದುವವಳು ನಾನೊಬ್ಬಳೇ. ಯಾರ ಮುಂದಾದರೂ ಹೇಳಿಕೊಳ್ಳೋಣವೆಂದರೆ ಇವರು ನಗುತ್ತಾರೆ, ಅತ್ತೆಗೆ ಅಆಇಈಯಿಂದ ಶುರುಮಾಡಬೇಕು. ಅದೂ ಆಯಿತು. ಬೆಳಗಿನ ಮೀಟಿಂಗ್ ಮುಗಿಸಿ ನಾನು ಲ್ಯಾಪ್‌ಟಾಪ್ ಮುಚ್ಚಿದ ಸದ್ದಿಗೆ ಅಡುಗೆಮನೆಯಿಂದ ಹೊರಗೆ ಬಂದರು.

“ಅದೇನು ಕೆಲಸಾನೇ ಅದು? ಆಸ್ಪತ್ರೆ ಲ್ಯಾಬಿನ ಕೆಲಸ ಬೇರೆ ಇದ್ದೇ ಇದೆ. ಇದಕ್ಕೆ ಸಂಬಳ ಇಲ್ಲ, ರಜಾ ಇಲ್ಲ, ಜಗಳ ಮಾತ್ರ ಇದೆ.”

“ರಕ್ತ ತಗೊಂಡ್ಮೇಲೆ ಟ್ಯೂಬಿಗೆ ಚೀಟಿ ಅಂಟಿಸ್ತೀವಲ್ಲ ಅತ್ತೆ, ಅದನ್ನ ಪ್ರಿಂಟ್ ಮಾಡೋ ಪ್ರೋಗ್ರಾಂ. ಯಾರು ಬೇಕಾದ್ರೂ ಪುಕ್ಕಟೆ ಹಾಕ್ಕೋಬಹುದು, ಬಿಚ್ಚಿ ನೋಡ್ಬಹುದು, ತಿದ್ಬಹುದು. ಹಾಗೆ ತಿದ್ದಿ ಕಳಿಸಿದ್ದನ್ನ ನಾವೊಂದಿಷ್ಟು ಜನ ಪರೀಕ್ಷೆ ಮಾಡಿ ಒಳಗೆ ಸೇರಿಸ್ತೀವಿ.”

“ಪುಕ್ಕಟೆ ಕೆಲಸಕ್ಕೆ ಹುದ್ದೆ ಯಾಕೆ?”

ಅದನ್ನು ಮೇಷ್ಟ್ರನ್ನೇ ಕೇಳಬೇಕು. ಇಷ್ಟು ವರ್ಷ ನಮ್ಮಲ್ಲಿ ಹುದ್ದೆಗಳೇ ಇರಲಿಲ್ಲ, ಕೆಲಸ ಇತ್ತು. ಈಗ ಒಂದು ದೊಡ್ಡ ಆಸ್ಪತ್ರೆ ಸಂಸ್ಥೆ ನಮ್ಮ ಪ್ರೋಗ್ರಾಂ ಹಾಕಿಕೊಳ್ಳುತ್ತದಂತೆ, ಅದಕ್ಕೆ ಮೊದಲು ‘ನಿಮ್ಮಲ್ಲಿ ಯಾರು ಏನು’ ಎಂದು ಕಾಗದದ ಮೇಲೆ ಬೇಕಂತೆ. ಕಾಗದ ಎಂದರೆ ಮೇಷ್ಟ್ರಿಗೆ ಜೀವ. ಕಾಲೇಜಿನಲ್ಲಿ ಆಡಳಿತಶಾಸ್ತ್ರ ಪಾಠ ಮಾಡುವ ಮನುಷ್ಯ, ಎರಡೇ ವಾರದಲ್ಲಿ ಒಂಬತ್ತು ಪುಟದ ಕರಡು ತಯಾರು ಮಾಡಿ ಪರದೆಯ ಮೇಲೆ ಓದಿದರು. ಒಂದನೇ ಸಾಲು, ಸ್ಥಾಪಕ ಅಧ್ಯಕ್ಷ: ದೊಡ್ಡಣ್ಣ. ಮೊದಲ ಪ್ರೋಗ್ರಾಂ ಬರೆದವರು ಅವರೇ, ಸುಳ್ಳಲ್ಲ. ಆದರೆ ಆರು ವರ್ಷದಿಂದ ಒಂದು ಚುಕ್ಕೆಯನ್ನೂ ಮುಟ್ಟಿಲ್ಲ. ಎರಡನೇ ಸಾಲು, ಲೀಡ್ ಮೇಂಟೇನರ್: ನಮ್ಮ ಗುಬ್ಬಿ. ಅಂದರೆ ಏನನ್ನು ಸೇರಿಸಬೇಕು, ಹೊಸ ಆವೃತ್ತಿ ಯಾವಾಗ ಹೊರಗೆ ಬಿಡಬೇಕು ಎಂಬುದರಲ್ಲಿ ಕೊನೆಯ ಮಾತು ಅವನದು. ಮೂರನೆಯದರಲ್ಲಿ ಮೇಷ್ಟ್ರು ಮತ್ತು ಇನ್ನಿಬ್ಬರು ಮೇಂಟೇನರ್‌ಗಳು. ನಾಲ್ಕನೆಯದರಲ್ಲಿ ಆಗಾಗ ತಿದ್ದಿ ಕಳಿಸುವ ಹದಿನಾಲ್ಕು ಜನ ಕಾಂಟ್ರಿಬ್ಯೂಟರ್‌ಗಳು. ಐದನೇ ಸಾಲಿನಲ್ಲಿ ನಾನು, ಒಬ್ಬಳೇ.

“ಇದರಲ್ಲಿ ವೈಯಕ್ತಿಕ ಏನೂ ಇಲ್ಲಮ್ಮ,” ಎಂದರು ಮೇಷ್ಟ್ರು. “ಕಳೆದ ಎರಡು ವರ್ಷದಲ್ಲಿ ಯಾರ ಹೆಸರಲ್ಲಿ ಎಷ್ಟು ತಿದ್ದುಪಡಿ ಸೇರಿದೆ, ಅದೊಂದೇ ಅಳತೆ.”

ಗುಬ್ಬಿಯದು ಮುನ್ನೂರ ಹನ್ನೆರಡು. ನನ್ನದು ಹತ್ತೊಂಬತ್ತು.

ಜೂನ್ 4, ಭಾನುವಾರ

ಹತ್ತೊಂಬತ್ತು! ನಿದ್ದೆಯಿಂದ ಎದ್ದ ತಕ್ಷಣ ಅದೇ ಅಂಕಿ ಕಣ್ಣಮುಂದೆ ಬಂತು.

ತಪ್ಪು ನನ್ನದೇ, ನನ್ನ ಒಳ್ಳೆಯತನದ್ದು. ಮೊದಲ ಸಲ ತಿದ್ದುಪಡಿ ಕಳಿಸುವವರು ಅರೆಬೆಂದದ್ದನ್ನೇ ಕಳಿಸುತ್ತಾರೆ. ಅದನ್ನು ವಾಪಸ್ ಕಳಿಸಿದರೆ ಆ ಮನುಷ್ಯ ಮತ್ತೆ ಈ ಕಡೆ ತಲೆಹಾಕುವುದಿಲ್ಲ. ಹಾಗಾಗಿ ನಾನೇ ಕೂತು ರಿಪೇರಿ ಮಾಡಿ, ಅವರ ಹೆಸರಿನಲ್ಲೇ ಒಳಗೆ ಸೇರಿಸುತ್ತಿದ್ದೆ. ಗುಬ್ಬಿ ಮೂರು ವರ್ಷದ ಕೆಳಗೆ ಮೊದಲು ಕಳಿಸಿದ್ದನ್ನು ಹಾಕಿದಾಗ ಪ್ರಿಂಟರ್ ನಿಲ್ಲದೆ ಖಾಲಿ ಚೀಟಿ ಕಕ್ಕಿತ್ತು. ನಲವತ್ತು ಸಾಲಿನಲ್ಲಿ ಮೂವತ್ತೆರಡನ್ನು ನಾನೇ ಬರೆದು ಅವನ ಹೆಸರು ಹಾಕಿದೆ. ಅವನು ಖುಷಿಯಾಗಿ ಇನ್ನೊಂದು ಕಳಿಸಿದ, ಮತ್ತೊಂದು ಕಳಿಸಿದ. ಈಗ ನಿಜವಾಗಿಯೂ ಕೆಲಸ ಬಲ್ಲವನು. ಪರದೆಯಲ್ಲಿ ಮುಖದ ಬದಲು ಒಂದು ಗುಬ್ಬಿಯ ಚಿತ್ರ ಇಟ್ಟುಕೊಂಡಿದ್ದಾನೆ, ಅದಕ್ಕೇ ಆ ಹೆಸರು. ಮದುವೆಯಾಗಿದೆ, ಎರಡು ಮಕ್ಕಳಿವೆ, ಆದರೂ ಗುಬ್ಬಿ.

ಮಧ್ಯಾಹ್ನ ಅವನೇ ಫೋನ್ ಮಾಡಿದ.

“ಅಕ್ಕ, ನಂಗೆ ಒಂಥರಾ ಆಗ್ತಿದೆ. ಆ ಮುನ್ನೂರರಲ್ಲಿ ಅರ್ಧ ನಿಮ್ದೇ ಅಂತ ನಂಗೊತ್ತು.”

“ಗೊತ್ತಿದ್ರೆ ಮೀಟಿಂಗಲ್ಲಿ ಹೇಳ್ಬೇಕಿತ್ತಪ್ಪ.”

“ಹೇಳ್ಬೇಕಿತ್ತು. ಮುಂದಿನ ವಾರ ಹೇಳ್ತೀನಕ್ಕ.”

ಗೋಡೆಯ ಕಪಾಟಿನಲ್ಲಿ ಐದು ಹಳೆಯ ಪ್ರಿಂಟರ್‌ಗಳಿವೆ. ಬೇರೆ ಬೇರೆ ಲ್ಯಾಬಿನವರು ಎಸೆಯಲು ಇಟ್ಟಿದ್ದನ್ನು ತಂದು, ಇವರ ಕೈಲಿ ರಿಪೇರಿ ಮಾಡಿಸಿ ಇಟ್ಟುಕೊಂಡಿದ್ದೇನೆ. (ಫ್ರಿಜ್ ರಿಪೇರಿಯವನನ್ನು ಕಟ್ಟಿಕೊಂಡದ್ದರಿಂದ ಅದೊಂದು ಲಾಭ.) ಪ್ರತಿ ಹೊಸ ಆವೃತ್ತಿಗೂ ಮೊದಲು ಐದರಲ್ಲೂ ಚೀಟಿ ತೆಗೆದು, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತೇನೆ. ಇದು ಯಾವ ಲೆಕ್ಕಕ್ಕೂ ಬರುವುದಿಲ್ಲ. ಎಣಿಸುವ ಯಂತ್ರಕ್ಕೆ ಕಣ್ಣಿನ ಕೆಲಸ ಕಾಣುವುದಿಲ್ಲವಲ್ಲ.

ಜೂನ್ 7, ಬುಧವಾರ

ಗುಡ್ಡದ ಕ್ಲಿನಿಕ್ಕಿನ ಲ್ಯಾಬಿನವಳು ಊಟದ ಹೊತ್ತಿಗೆ ಫೋನ್ ಮಾಡಿದ್ದಳು. ಎರಡು ಕೋಣೆಯ ಕ್ಲಿನಿಕ್, ಒಬ್ಬ ಡಾಕ್ಟರು, ಸಣ್ಣ ರೋಲಿನ ಹಳೆಯ ಪ್ರಿಂಟರ್, ಲ್ಯಾಬಿಗೆ ಇವಳೊಬ್ಬಳೇ. ಒಮ್ಮೆಯೂ ಮುಖ ನೋಡಿಲ್ಲ, ಎಂಟು ವರ್ಷದಿಂದ ಬರೀ ಫೋನಿನಲ್ಲೇ ಅಕ್ಕತಂಗಿಯರು.

“ಅಕ್ಕ, ಚೀಟಿ ಮಸುಕು ಮಸುಕಾಗಿ ಬರ್ತಿದೆ. ಹೊರಗೆ ಹದಿನೈದು ಜನ ಕೂತಿದಾರೆ.”

ಬಾಯಲ್ಲಿ ತುತ್ತು ಇಟ್ಟುಕೊಂಡೇ ಹೇಳಿಕೊಟ್ಟೆ, ಹತ್ತು ನಿಮಿಷ. ಪ್ರಿಂಟರ್ ತಲೆಯನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸು, ಶಾಖ ಎರಡು ಹೆಜ್ಜೆ ಏರಿಸು ಎಂದೆ. ಸರಿಹೋಯಿತು. ಹೊರಗೆ ಕೂತವರಲ್ಲಿ ಒಂದು ಹಸುಗೂಸೂ ಇದೆಯಂತೆ, ಕಾಮಾಲೆ ಪರೀಕ್ಷೆಗೆ. ಸಂಜೆ ನಾನೇ ಫೋನ್ ಮಾಡಿ ಕೇಳಿದೆ. ಕೂಸಿಗೆ ಗಾಬರಿಪಡುವಂಥದ್ದೇನಿಲ್ಲ ಎಂದಳು.

ಜೂನ್ 10, ಶನಿವಾರ

ನಾನು ಮಾತಾಡಿದೆ. ಬರೆದುಕೊಂಡೇ ಹೋಗಿದ್ದೆ. ಪರೀಕ್ಷೆ ಮಾಡುವುದು, ಬಳಸುವವರ ಕಾಗದಗಳಿಗೆ ಉತ್ತರ ಕೊಡುವುದು, ಬೇರೆಯವರದ್ದನ್ನು ತಿದ್ದುವುದು, ಇವೆಲ್ಲ ಕೆಲಸವೋ ಅಲ್ಲವೋ ಎಂದು ಕೇಳಿದೆ.

ದೊಡ್ಡಣ್ಣ ಗಡ್ಡ ನೀವಿಕೊಂಡು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. “ನೋಡಮ್ಮ, ನಿನ್ನ ಸೇವೆ ಎಲ್ಲರ ಮನಸ್ಸಲ್ಲೂ ಇದೆ. ಆದ್ರೆ ಮೇಷ್ಟ್ರು ಹೇಳೋದ್ರಲ್ಲೂ ಅರ್ಥ ಇದೆ.”

“ಮನಸ್ಸಲ್ಲಿದ್ರೆ ಸಾಲದು ಅಣ್ಣ, ಕಾಗದದಲ್ಲಿ ಬೇಕು ಅಂತಲ್ವಾ ಈ ಮೀಟಿಂಗು?”

ಮೇಷ್ಟ್ರು ಕೆಮ್ಮಿದರು. ಅಳತೆ ಒಬ್ಬರಿಗೊಂದು, ಇನ್ನೊಬ್ಬರಿಗೊಂದು ಆದರೆ ನ್ಯಾಯ ಆಗುವುದಿಲ್ಲವಂತೆ, ಮುಂದಿನ ವರ್ಷ ಮರುಪರಿಶೀಲನೆ ಉಂಟಂತೆ. ನಾನು ಗುಬ್ಬಿಯ ಚಿತ್ರವನ್ನೇ ನೋಡುತ್ತಿದ್ದೆ. ಅವನು ಮೈಕ್ ಆನ್ ಮಾಡಿದ, “ಅದು... ಅಕ್ಕಂದು...” ಎಂದ. ಅಷ್ಟರಲ್ಲಿ ಮೇಷ್ಟ್ರು “ಹಾಗಾದರೆ ಮತಕ್ಕೆ ಹಾಕೋಣವೇ?” ಎಂದರು, ಅವನು ಮೈಕ್ ಆಫ್ ಮಾಡಿದ.

ಬಂದಿದ್ದ ಹದಿನಾರು ಜನರಲ್ಲಿ ಕೈ ಎತ್ತಿದವರು ಹದಿನೈದು. ಎತ್ತದವಳು ನಾನು.

ಪುಟ ಏಳು, ನಿಯಮ ನಾಲ್ಕು: ಹೊಸ ಆವೃತ್ತಿ ಹೊರಗೆ ಬಿಡುವ ತೀರ್ಮಾನದಲ್ಲಿ ಹೆಲ್ಪರ್‌ಗಳು ಭಾಗವಹಿಸತಕ್ಕದ್ದಲ್ಲ. ಸಲಹೆಗಳಿದ್ದರೆ ನಿಗದಿತ ಫಾರ್ಮ್ ಮೂಲಕ ಲೀಡ್ ಅವರಿಗೆ ಸಲ್ಲಿಸತಕ್ಕದ್ದು. ತಕ್ಕದ್ದಂತೆ!

ಜೂನ್ 12, ಸೋಮವಾರ

ಲ್ಯಾಬಿನಲ್ಲಿ ಇವತ್ತು ಎಲ್ಲರ ಮೇಲೂ ಹರಿಹಾಯ್ದೆ. ನರ್ಸಮ್ಮ “ಏನಾಯ್ತ್ರೀ, ಮನೇಲಿ ಜಗಳಾನಾ?” ಎಂದರು. ಹೌದು ಎಂದೆ. ವಿವರಿಸುವುದಕ್ಕಿಂತ ಅದೇ ಸುಲಭ.

ಜೂನ್ 17, ಶನಿವಾರ

ಮೀಟಿಂಗಿಗೆ ಹೋಗಲಿಲ್ಲ. ಬದಲಿಗೆ ಐದೂ ಪ್ರಿಂಟರ್‌ಗಳನ್ನು ಕಪಾಟಿನಿಂದ ಇಳಿಸಿ, ರಟ್ಟಿನ ಪೆಟ್ಟಿಗೆಗೆ ಹಾಕಿ, ಮಂಚದ ಕೆಳಗೆ ತಳ್ಳಿದೆ. ಖಾಲಿ ಕಪಾಟಿನಲ್ಲಿ ಈಗ ಅತ್ತೆಯ ಔಷಧಿ ಡಬ್ಬಿಗಳು ಕೂತಿವೆ.

ಇವರು ಬಾಗಿಲಲ್ಲಿ ನಿಂತು ನೋಡಿದರು. “ನಮ್ಮನೇಲೂ ಹುದ್ದೆ ಹಂಚಿಬಿಡೋಣ್ವಾ? ಅಮ್ಮ ಸ್ಥಾಪಕ ಅಧ್ಯಕ್ಷೆ. ನೀನು ಲೀಡ್ ಬೈಗುಳ. ನಾನು ಪಾತ್ರೆ ವಿಭಾಗದ ಹೆಲ್ಪರ್.”

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. “ನಿಮಗೆ ಎಲ್ಲಾ ತಮಾಷೆ,” ಎಂದೆ. ಅವರು ಸುಮ್ಮನೆ ಹೋಗಿ ಪಾತ್ರೆ ತೊಳೆದರು. ಸದ್ದು ಮಾಡಿಕೊಂಡು ತೊಳೆದರು.

ಜೂನ್ 22, ಗುರುವಾರ

ಆರನೇ ಆವೃತ್ತಿ ಮುಂದಿನ ಶನಿವಾರ ಹೊರಗೆ ಬರುತ್ತದಂತೆ. ಲೀಡ್ ಸಾಹೇಬರು ಅಂಕಿಗಳನ್ನು ದಪ್ಪ ಮಾಡಿದ್ದಾರಂತೆ, ವಯಸ್ಸಾದ ತಂತ್ರಜ್ಞರಿಗೆ ಓದಲು ಅನುಕೂಲವಾಗಲೆಂದು. ಬಹಳ ಸಂತೋಷ.

ನನಗೆ ಬಂದ ಕಾಗದಗಳಿಗೆಲ್ಲ ಈಗ ಒಂದೇ ಉತ್ತರ: ‘ದಯವಿಟ್ಟು ಲೀಡ್ ಮೇಂಟೇನರ್ ಅವರನ್ನು ಸಂಪರ್ಕಿಸಿ.’ ಇವತ್ತು ಏಳು ಕಳಿಸಿದೆ. ಕಾಲು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಇಷ್ಟು ವರ್ಷ ಸುಮ್ಮನೆ ತಲೆ ಚಚ್ಚಿಕೊಂಡೆ.

ಜೂನ್ 29, ಗುರುವಾರ

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡೆ. ಸಂಜೆ ಕೆಲಸದಿಂದ ಬಂದವಳು ಪೆಟ್ಟಿಗೆ ಹೊರಗೆಳೆದು, ಹೊಸ ಆವೃತ್ತಿಯ ಕರಡನ್ನು ಐದು ಪ್ರಿಂಟರಿನಲ್ಲೂ ಹಾಕಿ ನೋಡಿದೆ. ನಾಲ್ಕರಲ್ಲಿ ಚೆನ್ನಾಗಿದೆ. ಐದನೆಯದು ಸಣ್ಣ ರೋಲಿನದು, ಹಳೆಯ ಮಾದರಿ. ಆ ಚೀಟಿಯಲ್ಲಿ ಹೆಸರಿಗೆ ಜಾಗವಿಲ್ಲ, ರೋಗಿಯ ನಂಬರ್ ಮಾತ್ರ ಬರುತ್ತದೆ. ಅಂಕಿ ದಪ್ಪವಾದದ್ದರಿಂದ ಕೊನೆಯ ಅಂಕಿಯ ಬಲ ಅಂಚು ಹಾರಿಹೋಗುತ್ತದೆ. 6 ಯಾವುದು, 8 ಯಾವುದು, ದೇವರಿಗೇ ಗೊತ್ತು. ಇಪ್ಪತ್ತು ಚೀಟಿ ತೆಗೆದೆ, ಇಪ್ಪತ್ತೂ ಹಾಗೇ.

ಗುಬ್ಬಿಯ ಹತ್ತಿರ ಸಣ್ಣ ರೋಲಿನ ಪ್ರಿಂಟರ್ ಇಲ್ಲ. ಮೇಷ್ಟ್ರ ಹತ್ತಿರ ಯಾವ ಪ್ರಿಂಟರೂ ಇಲ್ಲ. ಇದು ನನಗೊಬ್ಬಳಿಗೇ ಕಾಣುವಂಥದ್ದು.

ನಿಯಮದ ಪ್ರಕಾರ ಫಾರ್ಮ್ ತೆರೆದೆ. ತೆರೆಯಲಿಲ್ಲ. ಒಂಬತ್ತು ಪುಟದಲ್ಲಿ ಫಾರ್ಮಿನ ಬಗ್ಗೆ ನಾಲ್ಕು ಸಲ ಬರೆದಿದ್ದಾರೆ, ಫಾರ್ಮನ್ನೇ ಮಾಡಿಲ್ಲ! ನಕ್ಕು ನಕ್ಕು ಸಾಕಾಯಿತು. ಅತ್ತೆ ಒಳಗಿನಿಂದ “ಏನೇ ಅದು?” ಎಂದು ಕೇಳಿದರು.

ಚೀಟಿಗಳ ಫೋಟೋ ತೆಗೆದು ಇಟ್ಟಿದ್ದೇನೆ. ಹೇಳುವುದಿಲ್ಲ. ಯಾಕೆ ಹೇಳಬೇಕು? ಭಾಗವಹಿಸತಕ್ಕದ್ದಲ್ಲ. ಒಂದೆರಡು ಲ್ಯಾಬಿನವರು ಬೈದು ಬರೆಯಲಿ. ಆಗ ನೆನಪಾಗುತ್ತದೆ, ಇದನ್ನೆಲ್ಲ ಮೊದಲು ಯಾರು ನೋಡುತ್ತಿದ್ದರು ಎಂದು.

ಜುಲೈ 1, ಶನಿವಾರ

ಆರನೇ ಆವೃತ್ತಿ ಹೊರಗೆ ಬಂತು. ಎಲ್ಲರೂ ಅಭಿನಂದನೆ ಬರೆದಿದ್ದಾರೆ. ನಾನೂ ಬರೆದೆ.

ಜುಲೈ 4, ಮಂಗಳವಾರ

ಲ್ಯಾಬಿನಲ್ಲಿ ವಿಪರೀತ ಕೆಲಸ. ಗುಡ್ಡದ ಕ್ಲಿನಿಕ್ಕಿನವಳ ಫೋನ್ ಬಂತು, ಹೊಸದು ಹಾಕಿಕೊಳ್ಳಲೋ ಎಂದು ಕೇಳಿದಳು. ನನ್ನನ್ನು ಕೇಳಬೇಡ, ನಾನು ಬರೀ ಹೆಲ್ಪರ್ ಎಂದೆ. ತಮಾಷೆ ಎಂದುಕೊಂಡು ನಕ್ಕಳು. “ಆಯ್ತಕ್ಕ, ಹಾಕ್ಕೊಂಡ್ಬಿಡ್ತೀನಿ,” ಎಂದಳು. ಸಂಜೆ ಅತ್ತೆಯ ಕನ್ನಡಕ ತರಲು ಹೋಗಿದ್ದೆ, ಅಂಗಡಿ ಮುಚ್ಚಿತ್ತು.

ಜುಲೈ 8, ಶನಿವಾರ

ಇನ್ನೂ ಯಾರೂ ದೂರು ಬರೆದಿಲ್ಲ. ದಿನಕ್ಕೆ ನಾಲ್ಕು ಸಲ ನೋಡುತ್ತೇನೆ. ಎಂಥ ಜನ! ಕೈಯಲ್ಲಿರುವ ಚೀಟಿಯನ್ನೂ ನೋಡುವುದಿಲ್ಲವೇ ಇವರು?

ಜುಲೈ 13, ಗುರುವಾರ

ದೂರು ಬಂತು.

ಬೆಳಿಗ್ಗೆ ಗುಡ್ಡದ ಕ್ಲಿನಿಕ್ಕಿನವಳು ಅಳುತ್ತಾ ಫೋನ್ ಮಾಡಿದಳು. ನನಗೆ ಮೊದಲು ಒಂದೂ ಅರ್ಥವಾಗಲಿಲ್ಲ. ಹೋದ ಗುರುವಾರ ಒಂದೇ ಹೊತ್ತಿಗೆ ಇಬ್ಬರು ಸಕ್ಕರೆ ಪರೀಕ್ಷೆಗೆ ಬಂದಿದ್ದರು, ಒಬ್ಬ ಟೈಲರ್, ಒಬ್ಬ ಲಾರಿಗೆ ಮೂಟೆ ಹೊರುವವನು. ಅವರ ನಂಬರ್ 70346, 70348. ಟೈಲರಿಗೆ ಸಕ್ಕರೆ ಕಾಯಿಲೆ ಇತ್ತು. ಅವನ ವರದಿ ಮೂಟೆಯವನಿಗೆ ಹೋಯಿತು, ಮೂಟೆಯವನದು ಅವನಿಗೆ. ಡಾಕ್ಟರು ಮೂಟೆಯವನಿಗೆ ಸಕ್ಕರೆ ಇಳಿಸುವ ಮಾತ್ರೆ ಬರೆದರು. ನಾಲ್ಕು ದಿನ ನುಂಗಿ, ಐದನೇ ದಿನ ಮೂಟೆ ಹೊತ್ತುಕೊಂಡು ಹಲಗೆ ಹತ್ತುವಾಗ ತಲೆ ಸುತ್ತಿ ಬಿದ್ದ. ಸೊಂಟದ ಮೂಳೆ ಮುರಿದಿದೆ.

“ನನ್ನ ಕಣ್ಣಿನ ತಪ್ಪು ಅಂತಿದಾರಕ್ಕ. ಯಾರನ್ನೂ ಕೇಳ್ದೆ ಹೊಸಾದನ್ನ ಹಾಕ್ಕೊಂಡೆ ಅಂತ ಬೇರೆ. ಸೋಮವಾರ ವಿಚಾರಣೆ, ಅಲ್ಲೀವರೆಗೂ ಬರ್ಬೇಡ ಅಂದಿದಾರೆ. ನಾನು ನಿಮ್ಮನ್ನ ಕೇಳಿದ್ದೆ ಅಂತ ಹೇಳ್ದೆ. ಬರೆದು ಕೊಡ್ಲಿ ಅಂತಾರೆ. ಕೊಡ್ತೀರಾ ಅಕ್ಕ? ನೀವು ಕೊಟ್ರೆ ಮಾತ್ರ ನನ್ನ ಕೆಲ್ಸ ಉಳಿಯುತ್ತೆ.”

ಕೊಡ್ತೀನಿ ಎಂದೆ.

ಮಧ್ಯಾಹ್ನ ಗುಬ್ಬಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಸಣ್ಣ ರೋಲ್ ನೋಡದೆ ಹೇಗೋ ಹೊರಗೆ ಬಿಟ್ಟೆ, ಲೀಡ್ ಅಂತೆ ಲೀಡ್, ಒಬ್ಬ ಬಡವನ ಸೊಂಟ ಮುರಿದೆಯಲ್ಲೋ ಎಂದೆ. ಅವನು ಒಂದು ಗಂಟೆಯಲ್ಲಿ ಸರಿಮಾಡಿ, ಎಲ್ಲರಿಗೂ ಎಚ್ಚರಿಕೆ ಕಳಿಸಿ, ಕೆಳಗೆ ‘ತಪ್ಪು ನನ್ನೊಬ್ಬನದೇ’ ಎಂದು ಬರೆದಿದ್ದಾನೆ.

ಬರೆದಿದ್ದಾನೆ, ಮೂರ್ಖ.

ಜುಲೈ 14, ಶುಕ್ರವಾರ

ಪತ್ರ ಬರೆಯಲು ಕೂತೆ. ‘ಇವರು ಜುಲೈ 4ರಂದು ನನ್ನನ್ನು ವಿಚಾರಿಸಿದ್ದು ನಿಜ. ಆ ಸಮಯದಲ್ಲಿ ಆವೃತ್ತಿಯ ದೋಷದ ಬಗ್ಗೆ ಅಧಿಕೃತ ಮಾಹಿತಿ ಇರಲಿಲ್ಲ.’ ಅಧಿಕೃತ! ನಾನೂ ಮೇಷ್ಟ್ರ ಕನ್ನಡ ಕಲಿತುಬಿಟ್ಟೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹರಿದು ಹಾಕಿದೆ. ಮತ್ತೆ ಅದನ್ನೇ ಬರೆದೆ.

ಅತ್ತೆ ಪಕ್ಕದಲ್ಲಿ ಹಳೆಯ ಕನ್ನಡಕಕ್ಕೆ ದಾರ ಕಟ್ಟಿಕೊಳ್ಳುತ್ತಿದ್ದರು. “ಒಂದು ತಿಂಗಳಿಂದ ನೋಡ್ತಿದೀನಿ, ಉರಿದು ಬೀಳ್ತೀಯ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತಾ?”

“ನನ್ನ ಮೂಗು ನೆಟ್ಟಗೇ ಇದೆ, ಅತ್ತೆ.”

“ನಿಂದು ಇದ್ಯಮ್ಮ,” ಎಂದರು.

ಅವರಿಗೆ ಏನೂ ಗೊತ್ತಿಲ್ಲ. ಗೊತ್ತಿದ್ದು ಹೇಳಿದ ಹಾಗೇ ಇತ್ತು.

ಜುಲೈ 15, ಶನಿವಾರ

ತುರ್ತು ಮೀಟಿಂಗ್. ಮೇಷ್ಟ್ರ ಮುಖ ಇಷ್ಟು ಸಣ್ಣದಾಗಿತ್ತು. ದೊಡ್ಡಣ್ಣನಿಗೂ ಗಡ್ಡ ನೀವಿಕೊಳ್ಳಲು ಕೈ ಬರಲಿಲ್ಲ. ಗುಬ್ಬಿ ಮೊದಲ ಸಲ ಚಿತ್ರ ತೆಗೆದು ಸ್ವಂತ ಮುಖ ತೋರಿಸಿದ. ಕಣ್ಣು ಊದಿಕೊಂಡಿತ್ತು.

“ನಾನು ಲೀಡ್ ಬಿಡ್ತೀನಿ. ನನ್ನ ಹೆಸರಲ್ಲಿರೋ ಕೆಲಸದಲ್ಲಿ ಅರ್ಧ ಅಕ್ಕಂದು, ಅವತ್ತೇ ಹೇಳ್ಬೇಕಿತ್ತು, ಹೆದರಿದೆ. ಅಕ್ಕ ಲೀಡ್ ಆಗ್ಲಿ. ಹೊಸಾ ಆವೃತ್ತಿ ಹೊರಗೆ ಬಿಡೋ ಮುಂಚೆ ಅವ್ರು ಸರಿ ಅನ್ಬೇಕು ಅಂತ ನಿಯಮ ಆಗ್ಲಿ.”

ಮೇಷ್ಟ್ರು ಹೊಸ ಕರಡು ಸಿದ್ಧವಾಗಿಯೇ ಇಟ್ಟುಕೊಂಡಿದ್ದರು. ಪರೀಕ್ಷೆ, ಉತ್ತರ, ರಿಪೇರಿ, ನಾನು ಒಂದು ತಿಂಗಳ ಕೆಳಗೆ ಓದಿದ ಪಟ್ಟಿಯ ಒಂದೊಂದು ಮಾತೂ ಅದರಲ್ಲಿತ್ತು. ಅಟ್ಟ ಮೇಲೆ ಒಲೆ ಉರಿಯಿತು. ಎರಡನೇ ಸಾಲಿನಲ್ಲಿ ನನ್ನ ಹೆಸರು.

“ನೀನು ನೋಡಿದ್ದಿದ್ರೆ ಇದು ಆಗ್ತಾನೇ ಇರ್ಲಿಲ್ಲಮ್ಮ,” ಎಂದರು ದೊಡ್ಡಣ್ಣ.

ಹದಿನೈದು ಮುಖಗಳು ನನ್ನನ್ನೇ ನೋಡುತ್ತಿದ್ದವು. ನಾನು ಆಗಲಿ ಎಂದೆ. ಧನ್ಯವಾದ ಎಂದೂ ಹೇಳಿದೆ.

ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ, ಪ್ರಿಂಟರ್ ಪೆಟ್ಟಿಗೆಯನ್ನು ಮತ್ತೆ ಮಂಚದ ಕೆಳಗೆ ತಳ್ಳಿದೆ.

ಜುಲೈ 16, ಭಾನುವಾರ

ಇವರಿಗೆ ಹೇಳಿದೆ, ಎಲ್ಲವನ್ನೂ. ಫ್ರಿಜ್ಜಿನ ಮೋಟರ್ ಬಿಚ್ಚಿ ನಡುಮನೆ ತುಂಬ ಹರಡಿಕೊಂಡಿದ್ದರು. ಕೈಯಲ್ಲಿದ್ದ ತಿರುಪುಳಿ ಕೆಳಗಿಟ್ಟು ಕೇಳಿದರು.

“ಎಷ್ಟು ದಿನ ಮುಂಚೆ ನೋಡಿದ್ದೆ?”

“ಹೊರಗೆ ಬಿಡೋಕೆ ಎರಡು ದಿನ ಮುಂಚೆ. ಅವನು ಬೀಳೋಕೆ...” ಬೆರಳು ಮಡಿಸಿ ಎಣಿಸಬೇಕಾಯಿತು. “ಹನ್ನೆರಡು ದಿನ.”

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ನಾನೂ ಬೈಯಬಹುದಿತ್ತು. “ನಾನು ಕಂಪ್ರೆಸರ್ ಸೋರ್ತಿರೋದು ನೋಡಿ ಬಾಗಿಲು ಮುಚ್ಚಿ ಬಂದ್ರೆ ನೀನು ನನ್ನನ್ನ ಏನಂತಿದ್ದೆ?” ಎಂದು ಮಾತ್ರ ಕೇಳಿದರು. ಆಮೇಲೆ ಮತ್ತೆ ತಿರುಪುಳಿ ಎತ್ತಿಕೊಂಡರು.

ಸಿಟ್ಟು ಈಗಲೂ ಇದೆ. ಅವರ ಅಳತೆ ತಪ್ಪು, ನಾನು ಅಂದಿದ್ದೂ ಸರಿ, ಅದನ್ನು ಸಾಯುವವರೆಗೂ ಹೇಳುತ್ತೇನೆ. ಐದನೇ ಸಾಲಿಗೆ ನನ್ನನ್ನು ಹಾಕಿದ್ದು ಅನ್ಯಾಯವೇ. ಆದರೆ ಆ ಮೂಟೆಯವನು ಯಾವ ಸಾಲಿನಲ್ಲೂ ಇರಲಿಲ್ಲವಲ್ಲ! ಅವನಿಗೆ ನಮ್ಮ ಪಟ್ಟಿ ಕಟ್ಟಿಕೊಂಡು ಏನಾಗಬೇಕಿತ್ತು? ಅವಳಿಗೆ? ಫೋನಿನಲ್ಲಿ ಬಾಯಿಬಿಟ್ಟು ಕೇಳಿದಳು, ನಾನು ಅವಳ ಕಿವಿಗೆ ನನ್ನ ಹುದ್ದೆ ಹೇಳಿದೆ. ಥೂ ನನ್ನ ಜನ್ಮಕ್ಕೆ.

ಬರೆದೆ. ‘ಜೂನ್ 29ರಂದೇ ಈ ದೋಷವನ್ನು ನಾನು ಕಣ್ಣಾರೆ ಕಂಡಿದ್ದೆ, ಫೋಟೋ ಲಗತ್ತಿಸಿದೆ. ಹುದ್ದೆಯ ಸಿಟ್ಟಿಗೆ ಯಾರಿಗೂ ಹೇಳಲಿಲ್ಲ. ಜುಲೈ 4ರಂದು ನಿಮ್ಮ ಲ್ಯಾಬಿನವರು ಹೊಸದನ್ನು ಹಾಕಿಕೊಳ್ಳಬಹುದೇ ಎಂದು ನನ್ನನ್ನು ಕೇಳಿದರು. ಆಗಲೂ ಹೇಳಲಿಲ್ಲ. ಅವರು ಕೇಳಬೇಕಾದವರನ್ನೇ ಕೇಳಿದ್ದಾರೆ. ಅವರದು ಯಾವ ತಪ್ಪೂ ಇಲ್ಲ.’ ಗುಡ್ಡದ ಡಾಕ್ಟರಿಗೆ ಕಳಿಸಿದೆ. ಅದನ್ನೇ ನಮ್ಮ ಗುಂಪಿಗೂ ಕಳಿಸಿದೆ, ಗುಬ್ಬಿ ಬರೆದ ‘ತಪ್ಪು ನನ್ನೊಬ್ಬನದೇ’ ಎಂಬ ಸಾಲು ತೆಗೆಯಿರಿ ಎಂದು ಸೇರಿಸಿ.

ಜುಲೈ 17, ಸೋಮವಾರ

ಮೇಷ್ಟ್ರಿಂದ ಎರಡು ಸಾಲು. ನನ್ನ ಹೆಸರನ್ನು ಸದ್ಯಕ್ಕೆ ಎಲ್ಲ ಪಟ್ಟಿಗಳಿಂದ ತೆಗೆದಿದ್ದಾರೆ. ಇದಕ್ಕೆ ಮತಕ್ಕೆ ಹಾಕಲಿಲ್ಲ, ಬೇಕಾಗಿಯೂ ಇರಲಿಲ್ಲ. ದೊಡ್ಡಣ್ಣ ಏನೂ ಬರೆದಿಲ್ಲ. ಗುಬ್ಬಿಯೂ ಬರೆದಿಲ್ಲ. ಅವನು ಒಂದು ಮಾತು ಬೈದಿದ್ದರೂ ಸಾಕಿತ್ತು. ಸಂಜೆ ಸಣ್ಣ ರೋಲಿನ ಪ್ರಿಂಟರನ್ನು ಪೆಟ್ಟಿಗೆಗೆ ಹಾಕಿ ಅವನ ವಿಳಾಸಕ್ಕೆ ಕೊರಿಯರ್ ಮಾಡಿ ಬಂದೆ. ಮನೆಗೆ ಬಂದಾಗ ಇವರು ಪಾತ್ರೆ ತೊಳೆದು ಮುಗಿಸಿದ್ದರು.

ಜುಲೈ 18, ಮಂಗಳವಾರ

ಊಟದ ಹೊತ್ತಿಗೆ ಫೋನ್ ಬಂತು. ಅವಳ ಹೆಸರು ನೋಡಿ ಲ್ಯಾಬಿನಿಂದ ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತು ಎತ್ತಿಕೊಂಡೆ.

“ಕೆಲ್ಸ ಉಳೀತು,” ಎಂದಳು. “ನಿನ್ನೆ ಡಾಕ್ಟ್ರು ಕಾಗದ ಎರಡು ಸಲ ಓದಿದ್ರು. ನಾಳೆಯಿಂದ ಬಾ ಅಂದ್ರು.”

“ಒಳ್ಳೇದಾಯ್ತು. ಅವನು ಹೇಗಿದಾನೆ?”

“ಆಪರೇಷನ್ ಆಗಿದೆ. ಮೂಟೆ ಹೊರೋ ಹಾಗಿಲ್ಲ ಇನ್ನು. ಹೆಂಡ್ತಿ ಬಂದಿದ್ಲು ನಿನ್ನೆ, ನನ್ನ ಮೇಲೆ ಕೂಗಾಡಿದ್ಲು. ನಾನೂ ಸುಮ್ನೆ ಕೇಳಿಸ್ಕೊಂಡೆ.”

ಕ್ಷಮಿಸು ಎಂಬ ಮಾತನ್ನು ಬೆಳಿಗ್ಗೆಯಿಂದ ಸಿದ್ಧಮಾಡಿ ಇಟ್ಟುಕೊಂಡಿದ್ದೆ, ಅದು ಬಾಯಿಗೆ ಬರಲಿಲ್ಲ. ಅವಳ ಕಡೆ ಯಾರೋ ಬಾಗಿಲು ಬಡಿದರು, ಒಂದು ನಿಮಿಷ ಎಂದು ಅವರಿಗೆ ಹೇಳಿದಳು.

“ಮೇಡಂ, ಒಂದು ಕೇಳ್ಲಾ? ಕಾಗದದಲ್ಲಿ ಇರೋದು ಓದಿದೀನಿ, ಆದ್ರೂ ನಿಮ್ಮ ಬಾಯಲ್ಲಿ ಕೇಳ್ಬೇಕು. ಅವತ್ತು ನಾನು ಫೋನ್ ಮಾಡಿ ಹಾಕ್ಕೊಳ್ಲಾ ಅಂದ್ನಲ್ಲ, ನೀವು ಹೆಲ್ಪರ್ ಅಂದ್ರಿ, ನಾನು ನಕ್ಕೆ. ಆಗ ನಿಮಗೆ ಗೊತ್ತಿತ್ತಾ?”

ಗೊತ್ತಿತ್ತು ಎಂದೆ.